ನಾಲ್ಕು ಚೈನು ಎಂಟು ಆಣೆ

ನಮ್ಮೂರನ್ನು ನಾನು ಪೂರ್ತಿಯಾಗಿ ಮೊದಲ ಸಲ ನೋಡಿದ್ದು ಪದ್ಮನಾಭನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಹುಟ್ಟಿದ್ದು ಇಲ್ಲೇ, ಬೆಳೆದದ್ದು ಇಲ್ಲೇ, ಮದುವೆಯಾದ ಮೇಲೂ ಗಂಡನನ್ನು ಕರೆದುಕೊಂಡು ಬಂದು ಅಪ್ಪ ಕಟ್ಟಿಸಿದ ಮನೆಯಲ್ಲೇ ತಳವೂರಿದವಳು ನಾನು. ಆದರೂ ಈ ಮೇನು, ಕ್ರಾಸು, ಟ್ಯೂಷನ್ ಬೋರ್ಡುಗಳ ಕೆಳಗೆ ಒಂದು ಹಳ್ಳಿ ಇತ್ತು ಎನ್ನುವುದು ನನಗೆ ಕೇಳಿ ಗೊತ್ತಿದ್ದ ಸಂಗತಿ ಅಷ್ಟೆ. ಸರ್ವೆ ಇಲಾಖೆಯ ವೆಬ್‌ಸೈಟಿನಿಂದ ಇಳಿಸಿಕೊಂಡ ಹಳೆಯ ಗ್ರಾಮನಕ್ಷೆಯನ್ನು ಅಂಗಡಿಯವನು ದೊಡ್ಡ ಹಾಳೆಯಲ್ಲಿ ತೆಗೆದು ಕೌಂಟರಿನ ಮೇಲೆ ಹರಡಿದ. ಕೆರೆ, ಕೆರೆಯ ಕೋಡಿ, ಮಾರಮ್ಮನ ಗುಡಿ, ಗುಂಡುತೋಪು, ಎರಡು ಬಂಡಿದಾರಿ, ಚೌಕ ಚೌಕವಾಗಿ ಹೊಲಗಳು, ಒಂದೊಂದಕ್ಕೂ ಒಂದು ನಂಬರು. ನಾನು ಮಕ್ಕಳಿಗೆ ಪಾಠ ಹೇಳುವ ಕೋಣೆಯ ಗೋಡೆ ವರ್ಷವಿಡೀ ಯಾಕೆ ತೇವ ಹಿಡಿಯುತ್ತದೆ ಎನ್ನುವುದಕ್ಕೆ ಅಲ್ಲೇ ಉತ್ತರ ಸಿಕ್ಕಿತು. ಅದು ಕೆರೆಯ ಕೆಳಗಿನ ಗದ್ದೆಬಯಲಿನ ಅಂಚು.

"ಮೇಡಂ, ಸೈಟ್ ತಗೋತಿದ್ದೀರಾ?" ಅಂಗಡಿಯವನು ಕೇಳಿದ.

"ಇಲ್ಲಪ್ಪ, ನಮ್ಮಜ್ಜೀನ ಹುಡುಕ್ತಿದ್ದೀನಿ" ಅಂದೆ.

ಅವನು ನನ್ನ ಮುಖವನ್ನೊಮ್ಮೆ ನೋಡಿ, ಲ್ಯಾಮಿನೇಷನ್ ಬೇಕಾ ಎಂದಷ್ಟೇ ಕೇಳಿದ.

ಹುಡುಕಲು ಹೇಳಿದ್ದು ಅತ್ತೆ. ಅಪ್ಪನ ಒಬ್ಬಳೇ ತಂಗಿ. ಎಂಬತ್ತು ದಾಟಿದೆ. ಸುದ್ದಗುಂಟೆಪಾಳ್ಯದಲ್ಲಿ ತನ್ನ ಮೂರಂತಸ್ತಿನ ಮನೆಯ ಕೆಳಭಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಮೇಲಿನ ಬಾಡಿಗೆಯವರನ್ನೆಲ್ಲ ಆಳುತ್ತಾಳೆ. ಮೋಟಾರು ಆಫ್ ಮಾಡಲು ಯಾರು ಮರೆತರು, ಮೆಟ್ಟಿಲ ಮೇಲೆ ಚಪ್ಪಲಿ ಯಾರು ಬಿಟ್ಟರು, ಮೊದಲನೇ ಮಹಡಿಯ ಹುಡುಗಿಗೆ ಯಾಕೆ ಇವತ್ತು ಆಫೀಸಿಲ್ಲ, ಎಲ್ಲವೂ ಅವಳಿಗೆ ಕುರ್ಚಿಯಿಂದ ಏಳದೆಯೇ ಗೊತ್ತಾಗುತ್ತದೆ. ಬಾಡಿಗೆಯವರು ಅವಳಿಗೆ ಹೆದರುತ್ತಾರೆ, ಜ್ವರ ಬಂದರೆ ಮೆಣಸಿನ ಸಾರಿಗೂ ಅವಳ ಹತ್ತಿರವೇ ಬರುತ್ತಾರೆ. ಅಂಥವಳು ಕಳೆದ ವರ್ಷ ಒಂದು ಮಧ್ಯಾಹ್ನ ಫೋನ್ ಮಾಡಿ, ಯಾವ ಪೀಠಿಕೆಯೂ ಇಲ್ಲದೆ ಹೇಳಿದಳು.

"ನೋಡೇ, ನಾನು ಸಾಯೋದ್ರೊಳಗೆ ಒಂದೇ ಒಂದ್ಸಲ ನಮ್ಮಮ್ಮನ ಗುಡ್ಡೆ ಮುಂದೆ ಎಡೆ ಇಡ್ಬೇಕು. ಎಲ್ಲಿದೆ ಅಂತ ಹುಡುಕ್ಕೊಡು. ಲೆಕ್ಕ ಓದಿರೋಳಲ್ವಾ ನೀನು?"

ನಮ್ಮ ಕಡೆ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುತ್ತಿದ್ದರು. ಮೇಲೆ ಮಣ್ಣಿನ ಗುಡ್ಡೆ, ತಲೆಯ ಕಡೆ ಒಂದು ಕಲ್ಲು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರ ಹಬ್ಬ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಲೆಯ ಮೇಲೆ ಎಡೆ ಬಡಿಸಿ, ಗುಡ್ಡೆಯ ಹತ್ತಿರಕ್ಕೆ ತೆಗೆದುಕೊಂಡು ಹೋಗಿ ಇಡುವುದು ಗಂಡಸರ ಕೆಲಸ. ಅಡುಗೆ ಮಾಡಿದ ಹೆಂಗಸರು ಮನೆಯಲ್ಲೇ ಕಾಯಬೇಕು. ನನ್ನಜ್ಜಿ ತೀರಿಕೊಂಡಾಗ ಅಪ್ಪನಿಗೆ ಹತ್ತು ವರ್ಷ, ಅತ್ತೆಗೆ ನಾಲ್ಕು. ಮಣ್ಣಿನ ದಿನ ಯಾರದೋ ಸೊಂಟದ ಮೇಲೆ ಕೂತು ನೋಡಿದ್ದೇ ಅತ್ತೆಗೆ ಮೊದಲು, ಅದೇ ಕೊನೆ. ಆಮೇಲೆ ಪ್ರತಿ ವರ್ಷ ಅಣ್ಣ ಎಲೆ ಹಿಡಿದುಕೊಂಡು ಹೊರಡುವುದನ್ನು ಹೊಸಲಲ್ಲಿ ನಿಂತು ನೋಡಿದಳು, ಹದಿನಾರಕ್ಕೆ ಮದುವೆಯಾಗಿ ಹೋದಳು. ಅಜ್ಜಿಯದು ಒಂದು ಫೋಟೋ ಕೂಡ ಇಲ್ಲ.

ಆಮೇಲೆ, ನಲವತ್ತು ಚಿಲ್ಲರೆ ವರ್ಷದ ಹಿಂದೆ, ಊರಿನ ಹೊಲಗಳೆಲ್ಲ ಬಡಾವಣೆಗೆ ಹೋದವು. ನಾನಾಗ ಕೂಸು. ಸುದ್ದಿ ಕೇಳಿ ಅತ್ತೆ ಓಡಿ ಬಂದಳಂತೆ, "ಅಮ್ಮನ ಗುಡ್ಡೆ ಏನಾಗುತ್ತೆ?" ಎಂದು ಕೇಳಿದಳಂತೆ. ಅಪ್ಪ, "ನಾನು ನೋಡ್ಕೋತೀನಿ, ನೀನು ಹೋಗು" ಅಂದನಂತೆ. ಅಪ್ಪ ಯಾವ ಪ್ರಶ್ನೆಗಾದರೂ ಕೊಡುತ್ತಿದ್ದ ಉತ್ತರದ ಉದ್ದ ಅಷ್ಟೇ. ಅತ್ತೆ ಮತ್ತೆ ಬಂದಾಗ ಹೊಲವಿಲ್ಲ, ಬದುವಿಲ್ಲ, ಗುಡ್ಡೆಯಿಲ್ಲ, ಬರೀ ಕೆಂಪು ಮಣ್ಣು ಹಾಸಿ ರೋಲರು ಓಡಿಸುತ್ತಿದ್ದರು. ಅಲ್ಲೇ, ಊರಿನವರೆಲ್ಲ ನೋಡುತ್ತಿದ್ದಂತೆ, "ಹೆತ್ತಮ್ಮನ ಮೇಲೆ ರಸ್ತೆ ಹಾಕಿಸ್ಬಿಟ್ಟೆಯಲ್ಲೋ" ಎಂದು ಕೂಗಿದಳು. ಅಪ್ಪ ಒಂದು ಮಾತೂ ಆಡದೆ ಬೆನ್ನು ತಿರುಗಿಸಿ ಹೊರಟುಹೋದ. ಅಲ್ಲಿಗೆ ಮುಗಿಯಿತು. ಅತ್ತೆ ನಮ್ಮ ಮನೆಯ ಹೊಸಲು ತುಳಿಯುವುದಿಲ್ಲ ಎಂದಳು, ತುಳಿಯಲಿಲ್ಲ. ಅಪ್ಪ ಕರೆಯಲಿಲ್ಲ. ಇಬ್ಬರ ಹಟಕ್ಕೂ ಒಂದೇ ಅಚ್ಚು.

ನನ್ನ ಮೇಲೆ ಮಾತ್ರ ಇಬ್ಬರಿಗೂ ಸಿಟ್ಟಿರಲಿಲ್ಲ. ಬೇಸಿಗೆ ರಜದಲ್ಲಿ ಅಮ್ಮ ನನ್ನನ್ನು ಸುದ್ದಗುಂಟೆಪಾಳ್ಯಕ್ಕೆ ಬಿಟ್ಟು ಬರುತ್ತಿದ್ದಳು. ಅತ್ತೆ ನನ್ನ ತಲೆಗೆ ಎಣ್ಣೆ ತಟ್ಟುತ್ತಾ, "ನಿಮ್ಮಪ್ಪ ಹೆಂಗವ್ನೆ?" ಎಂದು ಯಾರನ್ನೋ ವಿಚಾರಿಸುವಂತೆ ವಿಚಾರಿಸುತ್ತಿದ್ದಳು. ಮನೆಗೆ ಬಂದರೆ ಅಪ್ಪ ಪೇಪರಿನ ಹಿಂದಿನಿಂದ, "ಅಲ್ಲಿ ಎಲ್ಲಾ ಚೆನ್ನಾಗಿದಾರಾ?" ಎನ್ನುತ್ತಿದ್ದ. ಐದು ವರ್ಷದ ಹಿಂದೆ ಅಪ್ಪ ಹೋದಾಗ ಅತ್ತೆ ಆಟೋದಲ್ಲಿ ಬಂದಳು, ಗೇಟಿನ ಹೊರಗೇ ನಿಂತಳು, ಅವನನ್ನು ಹೊರಗೆ ತಂದಾಗ ಅಂಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡು ನೋಡಿದಳು, ಅಲ್ಲಿಂದಲೇ ಹೊರಟುಹೋದಳು. ಅವತ್ತು ನನಗೆ ಇಬ್ಬರ ಮೇಲೂ ಕೋಪ ಬಂದಿತ್ತು. ಸತ್ತವನ ಮೇಲೂ.

ಹಾಗಾಗಿ ಹುಡುಕುವ ಕೆಲಸದಲ್ಲಿ ನನ್ನದೂ ಒಂದು ಸ್ವಾರ್ಥವಿತ್ತು. ಹಸು ಕರು ಹಾಕಿದ ದಿನ ಕೊಟ್ಟಿಗೆಯಲ್ಲೇ ಮಲಗುತ್ತಿದ್ದ ಮನುಷ್ಯ ತಾಯಿಯ ಗುಡ್ಡೆಯನ್ನು ಹಾಗೇ ಬಿಟ್ಟುಬಿಟ್ಟನೇ? ಬಿಟ್ಟಿರಲಾರ ಎಂದು ನಾನು ಯಾವತ್ತೂ ನಂಬಿದ್ದೆ, ಯಾವ ಆಧಾರವೂ ಇಲ್ಲದೆ. ಮಕ್ಕಳು ಸ್ಟೆಪ್ಸ್ ಬರೆಯದೆ ಉತ್ತರ ಬರೆದರೆ ಸೊನ್ನೆ ಕೊಡುವವಳು ನಾನು.

ಗ್ರಾಮನಕ್ಷೆ ತೆಗೆದುಕೊಂಡು ಮೊದಲು ಅತ್ತೆಯ ಮನೆಗೇ ಹೋದೆ. ಊಟದ ಮೇಜಿನ ಮೇಲೆ ಹರಡಿ, ಉತ್ತರ ದಿಕ್ಕು ಮೇಲಕ್ಕೆ ಬರುವಂತೆ ಸರಿಯಾಗಿ ಇಟ್ಟೆ. ಅತ್ತೆ ಅದನ್ನು ಎರಡೂ ಕೈಯಿಂದ ಹಿಡಿದು ತಲೆಕೆಳಗು ಮಾಡಿದಳು. ನಾನು ಮತ್ತೆ ತಿರುಗಿಸಿದೆ. ಅವಳು ಮತ್ತೆ ತಿರುಗಿಸಿದಳು.

"ಅತ್ತೆ, ಉತ್ತರ ಮೇಲಿರ್ಬೇಕು."

"ಉತ್ತರ ನಿಂಗಿರ್ಲಿ. ನಾನು ತವರಿಗೆ ಬರ್ತಿದ್ದಿದ್ದು ಈ ಕಡೆಯಿಂದ."

ಓದು ಬರಹ ಬಾರದವಳು ಆಮೇಲೆ ನಕ್ಷೆಯನ್ನು ನನಗಿಂತ ಚೆನ್ನಾಗಿ ಓದಿದಳು. ಬಂಡಿದಾರಿ ತಿರುಗುವಲ್ಲಿ ಬೆರಳಿಟ್ಟು, ಇಲ್ಲಿ ಹುಣಸೆಮರ ಅಂದಳು. ಕೋಡಿಯ ಹತ್ತಿರ, ಇಲ್ಲಿ ಬಟ್ಟೆ ಒಗೀತಿದ್ದಿದ್ದು. ನಮ್ಮ ಹೊಲದ ನಂಬರನ್ನು ನಾನು ತೋರಿಸಿದಾಗ ಮಾತ್ರ ಬೆರಳು ಸುಮ್ಮನೆ ಓಡಾಡಿತು. "ಬಾವಿಯಿಂದಾಚೆ ಕಣೇ. ಬಾವಿ ದಾಟಿ ಹೋಗಿದ್ದು ಗ್ಯಾನ ಐತೆ. ಎಷ್ಟು ದೂರ ಅಂತ ಗೊತ್ತಿಲ್ಲ. ನಾಲ್ಕು ವರ್ಷದ ಮಗೀಗೆ ಎಲ್ಲಾನೂ ದೂರಾನೇ."

ಅದೃಷ್ಟಕ್ಕೆ ಬಾವಿ ಇನ್ನೂ ಇದೆ. ನಮ್ಮ ಮನೆಯ ಹತ್ತಿರದ ಪಾರ್ಕಿನ ಮೂಲೆಯಲ್ಲಿ, ಚಪ್ಪಡಿ ಮುಚ್ಚಿಸಿಕೊಂಡು, ಮೇಲೆ ವಾಕಿಂಗಿಗೆ ಬರುವವರ ನೀರಿನ ಬಾಟಲಿ ಇಡಿಸಿಕೊಂಡು ಕೂತಿದೆ. ಬಾವಿಯಿಂದ ಯಾವ ಕಡೆ, ಎಷ್ಟು ದೂರ ಎನ್ನುವುದಷ್ಟೇ ಬೇಕಾಗಿತ್ತು. ಅದೂ ಸಿಕ್ಕಿತು. ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳ ಅಡಿಯಲ್ಲಿ, ತಾತ ಮತ್ತು ಅವರ ತಮ್ಮ ಜಮೀನು ಭಾಗ ಮಾಡಿಕೊಂಡಾಗ ಸರ್ವೆಯವರು ಕೈಯಲ್ಲಿ ಬರೆದ ಒಂದು ಸ್ಕೆಚ್ಚಿತ್ತು. ನಮ್ಮ ಪಾಲಿನ ಹೊಲ, ಅದರೊಳಗೆ ಬಾವಿಗೆ ಒಂದು ಸಣ್ಣ ಸುತ್ತು, ಅಲ್ಲಿಂದ ನೇರ ಪಶ್ಚಿಮಕ್ಕೆ ಎಳೆದ ಚುಕ್ಕಿಗೆರೆ, ಗೆರೆಯ ತುದಿಯಲ್ಲಿ ಒಂದು ಪುಟ್ಟ ಚೌಕ. ಪಕ್ಕದಲ್ಲಿ 'ಗುಡ್ಡೆ, ಉಳತಕ್ಕದ್ದಲ್ಲ' ಎಂದು ಬರೆದಿತ್ತು. ಗೆರೆಯ ಮೇಲೆ ಅಳತೆ: ನಾಲ್ಕು ಚೈನು ಎಂಟು ಆಣೆ.

ಆ ಪುಟ್ಟ ಚೌಕದ ಮೇಲೆ ಬೆರಳಿಟ್ಟೆ. ಇಷ್ಟು ವರ್ಷದಲ್ಲಿ ನನ್ನಜ್ಜಿ ಈ ಭೂಮಿಯ ಮೇಲೆ ಇದ್ದಳು ಎನ್ನುವುದಕ್ಕೆ ನಾನು ಕಂಡ ಒಂದೇ ಗುರುತು ಅದು.

ಲೆಕ್ಕಕ್ಕೆ ಕೂತೆ. ಚೈನೆಂದರೆ ಭೂಮಿ ಅಳೆಯುವ ಸರಪಳಿ, ಅರವತ್ತಾರು ಅಡಿ. ಇದು ನಾನು ಓದಿದ ಪುಸ್ತಕದಲ್ಲಿದೆ, ಎಷ್ಟೋ ವರ್ಷದಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಹದಿನಾರಾಣೆಗೆ ಒಂದು ರೂಪಾಯಿ ಆಗುವ ಹಾಗೆ ಎಂಟು ಆಣೆ ಎಂದರೆ ಅರ್ಧ ಚೈನು. ನಾಲ್ಕೂವರೆ ಚೈನಿಗೆ ಇನ್ನೂರ ತೊಂಬತ್ತೇಳು ಅಡಿ. ಮೊಬೈಲಿನ ಮ್ಯಾಪಿನಲ್ಲಿ ಬಾವಿಯ ಮೇಲೆ ಬೆರಳಿಟ್ಟು ಪಶ್ಚಿಮಕ್ಕೆ ಗೆರೆ ಎಳೆದೆ. ಗೆರೆ ಪಾರ್ಕು ದಾಟಿತು, ನಮ್ಮ ಸಾಲಿನ ಮನೆಗಳನ್ನು ದಾಟಿತು, ಆಚೆ ಕ್ರಾಸು ದಾಟಿತು, ಇನ್ನೂರ ತೊಂಬತ್ತೇಳು ಅಡಿಗೆ ಸರಿಯಾಗಿ ಬಸ್ಸು ಓಡಾಡುವ ದೊಡ್ಡ ರಸ್ತೆಯ ನಡುವೆ ನಿಂತಿತು.

ಮೂರು ಸಲ ಎಳೆದೆ. ಮೂರು ಸಲವೂ ರಸ್ತೆಯೇ.

"ಏನಾಯ್ತು, ಫೇಲಾ?" ಎಂದರು ನಮ್ಮ ಯಜಮಾನರು, ನನ್ನ ಮುಖ ನೋಡಿ.

"ಅಪ್ಪ ಫೇಲು" ಅಂದೆ. ಅಂದವಳೇ ಎದ್ದು ಹೋಗಿ ಬಾತ್‌ರೂಮಿನ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಅತ್ತೆಗೆ ಫೋನಿನಲ್ಲಿ ಹೇಳಿದೆ. ಬೈಯುತ್ತಾಳೆ, ನಾನು ಅವತ್ತೇ ಹೇಳ್ಲಿಲ್ವಾ ಎನ್ನುತ್ತಾಳೆ ಎಂದು ಕಾದೆ. "ಬರ್ತೀನಿ ಇರು" ಅಂದಳು. ಮಾರನೆಯ ಬೆಳಿಗ್ಗೆ ಆಟೋದಲ್ಲಿ ಬಂದು ನೇರ ಆ ರಸ್ತೆಗೇ ಇಳಿದಳು, ಕೈಯಲ್ಲಿ ಸೇವಂತಿಗೆ ಹೂವು, ಊದುಬತ್ತಿ. ಅವಳ ತೋಳು ಹಿಡಿದು, ಒಂದು ಕೈ ಎತ್ತಿ ಬಸ್ಸು ನಿಲ್ಲಿಸುತ್ತಾ ನಡುವಿನ ಡಿವೈಡರಿಗೆ ದಾಟಿಸಿದೆ. ಸ್ಕೂಟರಿನವನೊಬ್ಬ, "ಆಂಟಿ, ಅಜ್ಜೀನ ಸಾಯಿಸ್ತೀರಾ?" ಎಂದು ಕೂಗಿ ಹೋದ. ಡಿವೈಡರಿನ ಗಿಡದ ಬುಡದಲ್ಲಿ ಅತ್ತೆ ಊದುಬತ್ತಿ ಚುಚ್ಚಿದಳು. ಹೂವಿಟ್ಟಳು, ಬಸ್ಸಿನ ಗಾಳಿಗೆ ಅದು ಹಾರಿತು, ಹೆಕ್ಕಿ ಮತ್ತೆ ಇಟ್ಟಳು. ಮೂರನೆಯ ಸಲ ಹಾರಿದಾಗ ಬಿಟ್ಟುಬಿಟ್ಟಳು.

"ಕೇಳಿಲ್ಲಿ" ಅಂದಳು, ಆಚೆ ಫುಟ್‌ಪಾತಿಗೆ ಬಂದ ಮೇಲೆ. "ನಾನು ಹೇಳಿದ್ದು ಸುಳ್ಳಾಗ್ಲಿ ಅಂತಾನೇ ನಿಂಗೆ ಹುಡುಕು ಅಂದಿದ್ದು. ನಿಜ ಆಗ್ಲಿ ಅಂತಲ್ಲ."

ಮನೆ ಇಲ್ಲೇ ಇದೆ, ಬಾ ಅತ್ತೆ, ಕಾಫಿ ಕುಡಿದು ಹೋಗು ಎಂದು ಕರೆದೆ. ಬರಲಿಲ್ಲ. ದರ್ಶಿನಿಯ ಮುಂದೆ ನಿಂತು ಪೇಪರ್ ಲೋಟದಲ್ಲಿ ಅರ್ಧ ಕಾಫಿ ಕುಡಿದು ಆಟೋ ಹತ್ತಿದಳು. ಅಷ್ಟು ಚಿಕ್ಕದಾಗಿ ನಾನು ಅವಳನ್ನು ಯಾವತ್ತೂ ನೋಡಿರಲಿಲ್ಲ.

ಇದಾದ ಹತ್ತು ಹದಿನೈದು ದಿನಕ್ಕೆ ಒಂದು ಭಾನುವಾರ ಯಜಮಾನರ ವಾಕಿಂಗ್ ಸ್ನೇಹಿತರೊಬ್ಬರು ಮನೆಗೆ ಬಂದರು. ತ್ಯಾಗರಾಜನಗರದವರು, ತುಮಕೂರಿನ ಕಡೆಯಿಂದ ಬಂದು ನೆಲೆಸಿದವರು, ಹಣೆಯ ತುಂಬಾ ವಿಭೂತಿ, ಸರ್ವೆಯರ್ ಆಗಿ ರಿಟೈರಾದವರು. ಇಂಥವರೊಬ್ಬರು ದಿನಾ ಜೊತೆಗೆ ನಡೆಯುತ್ತಾರೆ ಎಂದು ನಮ್ಮ ಯಜಮಾನರು ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದರೆ, ಅವರು ನಡೆಯುವಾಗ ಮಾತಾಡುವುದು ಬರೀ ಕ್ರಿಕೆಟ್ಟು. ಟ್ಯೂಷನ್ ಕೋಣೆಯ ಬೋರ್ಡಿಗೆ ಅಂಟಿಸಿದ್ದ ಸ್ಕೆಚ್ಚು ಅವರ ಕಣ್ಣಿಗೆ ಬಿತ್ತು. ಕನ್ನಡಕ ಏರಿಸಿಕೊಂಡು, ಹಳೆಯ ಸ್ನೇಹಿತನ ಕೈಬರಹ ಕಂಡವರಂತೆ ಅದರ ಮುಂದೆ ನಿಂತುಬಿಟ್ಟರು. ನಾನು ಕಥೆಯೆಲ್ಲ ಹೇಳಿ, ಪಕ್ಕದಲ್ಲಿ ಚಾಕ್‌ಪೀಸಿನಲ್ಲಿ ಬರೆದಿದ್ದ ಲೆಕ್ಕ ತೋರಿಸಿದೆ.

ಅವರು ಕಾಫಿ ಲೋಟ ಕೆಳಗಿಟ್ಟರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಈ ಅರವತ್ತಾರು ಅಡಿ ಎಲ್ಲಿಂದ ತಂದ್ರಿ?"

"ಪುಸ್ತಕದಲ್ಲಿದೆಯಲ್ಲ ಸಾರ್."

"ಅದು ಪುಸ್ತಕದ ಚೈನು. ನಮ್ಮ ರೆವಿನ್ಯೂ ಸರ್ವೇದು ಮೂವತ್ಮೂರು ಅಡಿ. ನಾವು ಹೊಲದಲ್ಲಿ ಎಳ್ಕೊಂಡು ಓಡಾಡಿದ್ದು ಅದೇ. ಒಂದು ಚೈನು ಉದ್ದ, ಒಂದು ಚೈನು ಅಗಲ ಅಂದ್ರೆ ಒಂದು ಗುಂಟೆ. ನಿಮ್ಮ ಹೊಲ ಎಷ್ಟಿತ್ತು?"

"ಎರಡೆಕರೆ ಹತ್ತು ಗುಂಟೆ."

"ಸ್ಕೆಚ್ಚಲ್ಲಿ ಹತ್ತು ಚೈನು ಉದ್ದ, ಒಂಬತ್ತು ಅಗಲ ಇದೆ. ತೊಂಬತ್ತು ಗುಂಟೆ. ನಲವತ್ತಕ್ಕೆ ಒಂದೆಕರೆ. ನೀವೇ ನೋಡಿ."

ಎರಡೆಕರೆ ಹತ್ತು ಗುಂಟೆ. ನನ್ನ ಅರವತ್ತಾರು ಅಡಿಯ ಲೆಕ್ಕದಲ್ಲಿ ಅದೇ ಹೊಲ ಒಂಬತ್ತೆಕರೆ ಆಗುತ್ತಿತ್ತು. ತಾತ ಒಂಬತ್ತೆಕರೆಯ ಒಡೆಯರಾಗಿದ್ದರೆ ನಾವು ಈಗ ಹೀಗಿರುತ್ತಿರಲಿಲ್ಲ. ಲೆಕ್ಕ ಮುಗಿದ ಮೇಲೆ ತಾಳೆ ನೋಡಿ, ತಾಳೆ ನೋಡಿ ಎಂದು ದಿನಕ್ಕೆ ನೂರು ಸಲ ಮಕ್ಕಳ ತಲೆ ತಿನ್ನುವ ನಾನು, ಒಂದೇ ಒಂದು ಸಲ ತಾಳೆ ನೋಡಿರಲಿಲ್ಲ. ಎಂಬತ್ತು ದಾಟಿದ ಹೆಂಗಸನ್ನು ಬಸ್ಸುಗಳ ನಡುವೆ ನಿಲ್ಲಿಸಿ ಹೂವು ಹೆಕ್ಕಿಸಿದ್ದೆ.  ಯಜಮಾನರು ಚಾಕ್‌ಪೀಸು ಎತ್ತಿ ನನ್ನ ಲೆಕ್ಕದ ಮೇಲೆ ದೊಡ್ಡದಾಗಿ ಒಂದು ಇಂಟು ಹಾಕಿದರು.

ನಾಲ್ಕೂವರೆ ಚೈನಿಗೆ ನೂರ ನಲವತ್ತೆಂಟೂವರೆ ಅಡಿ. ಸರ್ವೆ ಸಾರ್ ಮೊಬೈಲನ್ನು ನಂಬುವವರಲ್ಲ. ಮಾರನೆಯ ಬೆಳಿಗ್ಗೆ ಒಂದು ಟೇಪು ತಂದರು. ಪಾರ್ಕಿನ ಬಾವಿಯಿಂದ ಶುರುಮಾಡಿ, ರಸ್ತೆಯಲ್ಲಿ ಅಳೆದು, ಮನೆಗಳಿಗೆ ಸುತ್ತುಹಾಕಿ, ಗೋಡೆಗೆ ಗೋಡೆ ಕೂಡಿಸಿ ಕಳೆದು ಬಂದರು. ಬರುತ್ತಾ ಬರುತ್ತಾ ನಮ್ಮ ಗೇಟಿನೊಳಗೆ ಬಂದರು. ಪಕ್ಕದ ಓಣಿಯಲ್ಲಿ ಹಾದು ಹಿತ್ತಿಲಿಗೆ ಹೋದರು. ಹಿತ್ತಿಲಿನ ಮೂಲೆಯಲ್ಲಿ ನಿಂತು, "ಇಲ್ಲಿ. ಎರಡಡಿ ಆ ಕಡೆ ಈ ಕಡೆ" ಅಂದರು.

ಆ ಮೂಲೆಯಲ್ಲಿ ಏನೂ ಇಲ್ಲ. ಯಾವತ್ತೂ ಇರಲಿಲ್ಲ. ಅದನ್ನು ನೋಡುತ್ತಾ ನಿಂತವಳಿಗೆ ಒಂದೊಂದೇ ನೆನಪಾಗುತ್ತಾ ಹೋಯಿತು. ಜಮೀನು ಕಳೆದುಕೊಂಡವರಿಗೆ ಸೈಟು ಕೊಟ್ಟಾಗ ಅಪ್ಪನಿಗೆ ಬಂದದ್ದು ದೊಡ್ಡ ರಸ್ತೆಯ ಮೂಲೆ ಸೈಟು. ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು, ಮಳೆ ಬಂದರೆ ನೀರು ನಿಲ್ಲುವ ಈ ಒಳಗಿನ ಸೈಟನ್ನು ಕೇಳಿ ಬದಲಾಯಿಸಿಕೊಂಡ. ಆ ಮೂಲೆ ಸೈಟಿನ ಕಾಂಪ್ಲೆಕ್ಸಿನ ಮುಂದೆ ಹಾದುಹೋದಾಗಲೆಲ್ಲ ಅಮ್ಮ, "ನೋಡು, ನಿಮ್ಮಪ್ಪನ ಬುದ್ಧಿವಂತಿಕೆ" ಎನ್ನುತ್ತಿದ್ದಳು. ಬೋರ್‌ವೆಲ್ ಪಾಯಿಂಟ್ ನೋಡಲು ಬಂದವನು ಇದೇ ಮೂಲೆಯಲ್ಲಿ ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತಿತು, ನೀರು ಇಲ್ಲೇ ಎಂದ. ಅಪ್ಪ ಅಲ್ಲಿ ಕೊರೆಯಲು ಬಿಡಲಿಲ್ಲ. ಮುಂದುಗಡೆ ಕೊರೆಸಿದ, ನೀರು ಸರಿಯಾಗಿ ಬರಲಿಲ್ಲ, ಅಮ್ಮ ಎಷ್ಟೋ ವರ್ಷ ಬೀದಿ ನಲ್ಲಿಯಿಂದ ಕೊಡ ಹೊತ್ತಳು. ಬಟ್ಟೆ ಒಗೆಯುವ ಕಲ್ಲು ಅಲ್ಲಿ ಹಾಕಿಸುತ್ತೇನೆ ಎಂದು ಅವಳು ಅಂದಾಗಲೂ ಬೇಡ ಅಂದ. ಯಾಕೆ ಎಂದು ಕೇಳಿದರೆ, "ಬೇಡ ಅಂದ್ರೆ ಬೇಡ." ನಾವೆಲ್ಲ ಅವನನ್ನು ಹಟಮಾರಿ, ವ್ಯವಹಾರ ಗೊತ್ತಿಲ್ಲದವ ಎಂದುಕೊಂಡೆವು. ಅವನೆದುರೇ ಹಾಗೆಂದು ನಕ್ಕಿದ್ದೇವೆ. ಅವನೂ ನಕ್ಕು ಸುಮ್ಮನಾಗುತ್ತಿದ್ದ.

ನಿಜ ಹೇಳಿದ್ದರೆ ಅಮ್ಮ ಈ ಮನೆಯಲ್ಲಿ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ಗುಡ್ಡೆಯಿರುವ ಜಾಗದಲ್ಲಿ ಯಾರು ಸಂಸಾರ ಮಾಡುತ್ತಾರೆ? ಹಾಗಾಗಿ ಯಾರಿಗೂ ಹೇಳಲಿಲ್ಲ. ತಾಯಿಯನ್ನು ರಸ್ತೆಗೆ ಬಿಡದೆ, ತನ್ನ ಕಾಂಪೌಂಡಿನೊಳಗೆ ತೆಗೆದುಕೊಂಡು, ತಂಗಿಯ ಬಾಯಲ್ಲಿ ಕೆಟ್ಟವನಾಗಿಯೇ ಉಳಿದು ಹೋದ. ನಾನು ಹಿತ್ತಿಲಿನಲ್ಲಿ ನಿಂತು ಜೋರಾಗಿ ಅತ್ತುಬಿಟ್ಟೆ. ಸರ್ವೆ ಸಾರ್ ಟೇಪು ಸುತ್ತುತ್ತಾ ಆ ಕಡೆ ತಿರುಗಿಕೊಂಡರು. ಯಜಮಾನರು ಮೂಲೆಯನ್ನೇ ನೋಡುತ್ತಾ, "ಅಂದ್ರೆ ಇಷ್ಟು ವರ್ಷ ನಾನು ಇಲ್ಲಿ ನಿಂತ್ಕೊಂಡು ಬನೀನು ಒಣಗಿಸ್ತಿದ್ದೆ" ಅಂದರು. ಅಳುತ್ತಲೇ ನಗು ಬಂತು.

ಈ ಸಲ ಫೋನಿನಲ್ಲಿ ಹೇಳುವ ಧೈರ್ಯ ಇರಲಿಲ್ಲ. ಸುದ್ದಗುಂಟೆಪಾಳ್ಯಕ್ಕೇ ಹೋಗಿ, ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಚೈನಿನಿಂದ ಹಿಡಿದು ಹಿತ್ತಿಲಿನವರೆಗೆ ಎಲ್ಲ ಒಪ್ಪಿಸಿದೆ.

"ಥೂ! ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತಾಳಂತೆ ಇವಳು" ಎಂದು ಮೊದಲು ಬೈದಳು. ಆಮೇಲೆ ಮೆಲ್ಲಗೆ, "ಹಿತ್ತಿಲಲ್ಲಾ? ಮನೆ ಹಿತ್ತಿಲಲ್ಲೇನಾ?" ಎಂದಳು. ಹೌದು ಎಂದೆ. ಮೂಲೆ ಸೈಟಿನ ಕಥೆಯನ್ನು ಇನ್ನೊಮ್ಮೆ ಹೇಳಿಸಿದಳು. ಬೋರ್‌ವೆಲ್ಲಿನ ಕಥೆಯನ್ನೂ ಇನ್ನೊಮ್ಮೆ.

"ಯಾಕೆ ಹೇಳ್ಲಿಲ್ಲ ನಂಗೆ? ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

ನನಗೆ ಸಿಟ್ಟು ನೆತ್ತಿಗೇರಿತು. "ನೀನು ಒಂದ್ಸಲ ಬಂದು ಕೇಳಿದ್ಯಾ ಅತ್ತೆ? ನೋಡ್ಕೋತೀನಿ ಅಂದಿದ್ದ ತಾನೆ? ಊರವರೆದುರಿಗೆ ಕೂಗಾಡ್ಬಿಟ್ಟು ಹೋದೆ. ಅವನು ಬೆನ್ನು ತಿರುಗಿಸ್ಕೊಂಡು ಹೋದ. ಇಬ್ಬರೂ ಸೇರಿ ಒಂದು ಜನ್ಮ ಕಳೆದ್ರಿ!"

ಅತ್ತೆಗೆ ಹಾಗೆ ಮಾತಾಡಿದವರು ಯಾರೂ ಇಲ್ಲ. ಮೆಟ್ಟಿಲಿಳಿಯುತ್ತಿದ್ದ ಬಾಡಿಗೆಯ ಹುಡುಗಿ ಅರ್ಧಕ್ಕೇ ನಿಂತಳು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೂಂ" ಅಂದಳು. ಅಷ್ಟೇ. ಆ ಕ್ಷಣದಲ್ಲಿ ಅವಳು ಥೇಟು ಅಪ್ಪನೇ.

ಮಹಾಲಯ ಅಮಾವಾಸ್ಯೆಯ ದಿನ ಹನ್ನೊಂದು ಗಂಟೆಗೆ ಆಟೋ ಬಂತು. ಅತ್ತೆ ಹೊಸ ಸೀರೆ ಉಟ್ಟಿದ್ದಳು, ಕೈಯಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರು. ಗೇಟಿನ ಹತ್ತಿರ ನಿಂತು, "ಪಕ್ಕದಿಂದ ಹಿತ್ತಿಲಿಗೆ ದಾರಿ ಐತಾ?" ಎಂದಳು. ಇದೆ ಎಂದೆ. ಓಣಿಯನ್ನು ನೋಡಿದಳು, ಬಾಗಿಲನ್ನು ನೋಡಿದಳು.  ಚಪ್ಪಲಿ ಬಿಟ್ಟು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಮೊಣಕಾಲಿಗೆ ಬೈದುಕೊಳ್ಳುತ್ತಾ ಹೊಸಲು ದಾಟಿ ಒಳಗೆ ಬಂದಳು. ನೇರ ಅಡುಗೆಮನೆಗೆ ಹೋದಳು, ಡಬ್ಬಿಗಳನ್ನು ಬಿಚ್ಚಿದಳು, ಒಂದರ ಮುಂದೆ ಕೈ ನಿಂತಿತು.

"ನಮ್ಮಮ್ಮಂಗೆ ಏನಿಷ್ಟ ಅಂತಾನೇ ನಂಗೊತ್ತಿಲ್ಲ ಕಣೇ. ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ಅವನಿಗೆ ಗೊತ್ತಿತ್ತು."

ಅದು ನನಗೆ ಗೊತ್ತಿತ್ತು. ಒಲೆಯ ಹತ್ತಿರ ಸುಳಿಯದ ಅಪ್ಪ ವರ್ಷಕ್ಕೆ ಈ ಒಂದು ದಿನ ಮಾತ್ರ ರಾಗಿ ಹುರಿಹಿಟ್ಟಿನ ಡಬ್ಬಿ ಇಳಿಸಿ, ತಾನೇ ಬೆಲ್ಲ ಪುಡಿಮಾಡಿ, ತುಪ್ಪ ಹಾಕಿ ಕಲಸಿ ಉಂಡೆ ಕಟ್ಟುತ್ತಿದ್ದ. "ಇದು ಅಮ್ಮಂಗೆ" ಎಂದು ಎಲೆಯಲ್ಲಿ ಎಲ್ಲಕ್ಕಿಂತ ಮೊದಲು ಇಡುತ್ತಿದ್ದ. ಹೇಳಿದೆ. ಅತ್ತೆ ಹಿಟ್ಟು ತರಿಸಿ, ಎಷ್ಟು ಹಿಡಿ ಹಿಟ್ಟಿಗೆ ಎಷ್ಟು ಬೆಲ್ಲ ಎಂದು ಕೇಳಿ ಕೇಳಿ ಕಲಸಿದಳು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಎಂಬತ್ತು ವರ್ಷದಲ್ಲಿ ಅವಳಿಗೆ ತಾಯಿಯ ಬಗ್ಗೆ ಸಿಕ್ಕಿದ ಮೊದಲ ಸುದ್ದಿ ಅದು.

ಹಿತ್ತಿಲಿನ ಮೂಲೆಯನ್ನು ನಾನು ಗುಡಿಸಿ ಸಾರಿಸಿದ್ದೆ. ಅತ್ತೆ ಎಲೆ ಹಾಸಿದಳು, ಉಂಡೆ ಮೊದಲಿಟ್ಟಳು, ಆಮೇಲೆ ಅನ್ನ, ಸಾರು, ಪಲ್ಯ, ವಡೆ. ಅದರ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿದಳು. ಕೈಯಲ್ಲಿ ಸೌಟು ಹಿಡಿದುಕೊಂಡು ಸುಮ್ಮನೆ ಕೂತಳು.

"ಚಿಕ್ಕೋನಿದ್ದಾಗ ಕಾಯಿ ಕಡುಬು ಅಂದ್ರೆ ಪ್ರಾಣ ಬಿಡ್ತಿದ್ದ. ಮಾಡ್ಕೊಂಡ್ಬಂದಿದ್ದೀನಿ" ಅಂದಳು. "ವಯಸ್ಸಾದ್ಮೇಲೆ ಏನು ತಿಂತಿದ್ದ?"

"ಖಾರಾ ಬನ್ನು ಅತ್ತೆ. ದಿನಾ ಸಾಯಂಕಾಲ ಬೇಕರಿಗೆ ನಡ್ಕೊಂಡು ಹೋಗಿ ತರೋನು."

"ಖಾರಾನಾ?" ಅತ್ತೆ ನನ್ನನ್ನು ನಂಬದವಳಂತೆ ನೋಡಿದಳು. "ಖಾರ ತಿಂದ್ರೆ ಅಳ್ತಿದ್ನಲ್ಲೇ ಅವನು. ಅವನ ತಟ್ಟೆ ಮೆಣಸಿನಕಾಯಿ ನಾನು ಆರಿಸ್ಕೊಡ್ತಿದ್ದೆ. ಯಾವಾಗಿಂದ?"

"ನಾನು ಕಂಡಾಗಿಂದ್ಲೂ."

ಅವಳು ಸೌಟನ್ನು ಕೆಳಗಿಟ್ಟಳು. ಆಮೇಲೆ, "ಹೋಗಿ ತಗೊಂಬಾ, ಕಾಯ್ತೀನಿ" ಅಂದಳು. ನಾನು ಬೇಕರಿಗೆ ಓಡಿ ಬಿಸಿಯಿದ್ದದ್ದನ್ನೇ ಕೇಳಿ ತಂದೆ. ಬಿಸಿಲು ಅವಳ ಬೆನ್ನಿಗೇ ಬೀಳುತ್ತಿತ್ತು, ಖಾಲಿ ಎಲೆಯ ಮುಂದೆ ಹಾಗೇ ಕೂತಿದ್ದಳು. ಬನ್ನನ್ನು ಇಸಿದುಕೊಂಡು ಎರಡು ಹೋಳು ಮಾಡಿದಳು. ಒಳಗಿದ್ದ ಹಸಿಮೆಣಸಿನಕಾಯಿಯ ಚೂರುಗಳನ್ನು ಉಗುರಿನಿಂದ ಒಂದೊಂದಾಗಿ ಆರಿಸಿ ತೆಗೆದಳು, ಎಲೆಯ ಮೇಲಿಟ್ಟು, "ತಿನ್ನು ಅಣ್ಣ" ಅಂದಳು.